ಕುಂಟೆ ಕೆಡಿಸುವ ವಿದ್ಯೆ

ಎಡಗೈಯಿಂದ ಬರೆಸಿದರೂ ಐದು ಚೀಟಿಗಳಲ್ಲಿ ಒಂದೇ ಮಾತಿತ್ತು: ‘ಮಾಲಕರು ಹೇಳಿದಂಗ ಆಗಲಿ.’ ಅಕ್ಷರ ಮಾತ್ರ ಸೊಟ್ಟ.

ಮಾನ್ವಿಯ ಕೃಷಿ ಸಲಕರಣೆಗಳ ವರ್ಕ್‌ಶಾಪಿಗೆ ಹೊಸದಾಗಿ ಬಂದ ಎಂಜಿನಿಯರ್ ಚಂದ್ರಕಲಾ ಹಣೆ ಒತ್ತಿಕೊಂಡಳು. ಕೈಯಿಂದ ತಳ್ಳಿ ಕಳೆ ತೆಗೆಯುವ ಸೈಕಲ್ ಎಡೆಕುಂಟೆಗಳು ಮಾರಾಟವಾಗದೆ ಸಾಲಾಗಿ ಗೋಡೆಗೆ ಒರಗಿದ್ದವು. ಅವನ್ನು ಸುಧಾರಿಸುವ ಉಪಾಯ ತಿಂಗಳೊಳಗೆ ಹುಡುಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ತನ್ನೂರು ಕುರ್ಡಿಯ ಬಸ್ಸು ಹತ್ತಬೇಕು. ಇವತ್ತೇ ಕಡೆಯ ದಿನ. ಬೆಳಿಗ್ಗೆ ಐವರು ಕೆಲಸಗಾರರನ್ನೂ ಕೂರಿಸಿ, ಕುಂಟೆಯ ಕೊರತೆ ಬಾಯಿಬಿಟ್ಟು ಹೇಳಿ ಎಂದಳು. ಎಲ್ಲರೂ ಮಾಲಕರ ಮುಖ ನೋಡಿದರು. ಹೆಸರಿಲ್ಲದ ಚೀಟಿ ಬರೆಸಿದಳು. ಅಕ್ಷರ ಗುರುತು ಸಿಕ್ಕೀತೆಂದು ಹೆದರಿದರು. ಹಾಗಾಗಿ ಎಡಗೈ. ಕುಂಟೆಯ ನಕ್ಷೆ ಹಾಕಿದವರು ಖುದ್ದು ಮಾಲಕ ಲಾಲ್ ಸಾಬ್. ಅನ್ನ ಕೊಡುವ ಧಣಿ ಮಾಡಿದ್ದರಲ್ಲಿ ಹುಳುಕು ತೆಗೆಯುವ ಧೈರ್ಯ ಯಾರಿಗಿದ್ದೀತು?

“ನಿನ್ನ ಪುಸ್ತಕದಾಗಿನ ಆಟ ಎಲ್ಲಾ ಮುಗದ್ವೇನು ಯವ್ವಾ?” ಲಾಲ್ ಸಾಬ್ ಕೇಳಿದರು.

“ಇನ್ನೊಂದು ಅದ್ರಿ ಮಾಲಕರ. ಉಲ್ಟಾ ವಿಧಾನ.” ಅವಳು ವೆಲ್ಡರ್ ಯಂಕೋಬನ ಕಡೆ ತಿರುಗಿದಳು. “ಯಂಕೋಬಣ್ಣ, ಸುಧಾರಸೋದು ಬಿಡ್ರಿ. ಒಂದು ಕುಂಟಿ ಪೂರಾ ಕೆಡಸಬೇಕು, ರೈತರು ಯಾರೂ ಮುಟ್ಟಬಾರದು. ಅದಕ್ಕ ಏನೇನು ಮಾಡಬೇಕು, ಬರೀರಿ.”

ಐದು ಮುಖಗಳೂ ಅರಳಿದವು. ಪೆನ್ನುಗಳು ಓಡಿದ ಓಟಕ್ಕೆ ಚಂದ್ರಕಲಾಗೇ ಆಶ್ಚರ್ಯ. ಯಂಕೋಬ ಎರಡನೇ ಚೀಟಿ ಕೇಳಿ ಪಡೆದ.

ಲಾಲ್ ಸಾಬ್ ತಾವೇ ಗಟ್ಟಿಯಾಗಿ ಓದತೊಡಗಿದರು. “‘ಹಿಡಿಕಿ ಗಿಡ್ಡ ಇಡಬೇಕು, ತಳ್ಳಾಂವ ಬಗ್ಗೇ ನಡೀಬೇಕು.’ ಹಹ್ಹಾ! ‘ತೂಕ ಎಷ್ಟಿರಬೇಕಂದ್ರ, ಹೊಲಕ್ಕ ಒಯ್ಯಾಕ ಇನ್ನೊಬ್ಬಾಂವ ಬೇಕು.’ ‘ಗಾಲಿ ಸಣ್ಣದಿರಬೇಕು, ಯರಿ ಮಣ್ಣಾಗ ಗಕ್ಕನ ನಿಲ್ಲಬೇಕು.’ ಯಪ್ಪಾ, ಇಂಥಾ ಕುಂಟಿ ಯಾವ ಹುಚ್ಚ ಮಾಡ್ಯಾನಲೇ?”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೇರೆ ಯಾರೂ ನಗಲಿಲ್ಲ. ಐವರೂ ನೆಲ ನೋಡುತ್ತಿದ್ದರು. ಲಾಲ್ ಸಾಬರ ನಗು ಗೋಡೆಯತ್ತ ಹೋಗಿ, ಒರಗಿದ್ದ ಕುಂಟೆಗಳ ಮೇಲೆ ಬಿದ್ದು, ಅಲ್ಲೇ ನಿಂತಿತು. ತನ್ನ ಕೆಲಸ ಹೋಯಿತು ಎಂದುಕೊಂಡಳು ಚಂದ್ರಕಲಾ.

“ಆರು ವರ್ಷದಾಗ ಒಂದು ದಿನಾನೂ ಯಾಕ ಹೇಳಲಿಲ್ಲಲೇ ಯಂಕೋಬ?”

“ಹ್ಯಾಂಗ ಅದ ಅಂತ ಕೇಳ್ತಿದ್ರಿ, ಚಲೋ ಅದ ಅಂತಿದ್ವಿ. ಹ್ಯಾಂಗ ಕೆಡಸೋದು ಅಂತ ಯಾರೂ ಕೇಳೇ ಇರಲಿಲ್ಲಲ್ರೀ ಮಾಲಕರ.”

ಲಾಲ್ ಸಾಬ್ ಒಂದು ಕುಂಟೆ ಎಳೆದುಕೊಂಡು ಅಂಗಳಕ್ಕೆ ಹೋದರು. ಬಗ್ಗಿ ಹತ್ತು ಹೆಜ್ಜೆ ತಳ್ಳಿದರು. ಹನ್ನೊಂದನೆಯದಕ್ಕೆ ಗಾಲಿ ಕಪ್ಪು ಎರೆ ಮಣ್ಣಲ್ಲಿ ಹೂತಿತು. ಸೊಂಟ ಹಿಡಿದುಕೊಂಡು ನಿಧಾನಕ್ಕೆ ಒಳಗೆ ಬಂದವರು ಒಂದು ಖಾಲಿ ಚೀಟಿ ಬೇಡಿ, ಬಲಗೈಯಲ್ಲೇ ಏನೋ ಬರೆದು ಅವಳಿಗೆ ಕೊಟ್ಟರು.

“ನಾಳಿಂದ ಹೊಸಾ ನಕ್ಷೆ ನೀನೇ ಹಾಕು. ಇದನ್ನೂ ಆ ಚೀಟಿಗಳ ಜೋಡಿ ಸೇರಸವ್ವ.”

ಅವಳು ಬಿಡಿಸಿ ಓದಿದಳು: ‘ಮಾಡಿದಾಂವ ತಾನು ಎಂದೂ ತಳ್ಳಿ ನೋಡಬಾರದು.’