ತಾರೀಖು ತೋರಿಸುವ ಕೋಡು

ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯ ಮೀಟಿಂಗಿನಲ್ಲಿ ಹಿರಿಯ ಇಂಜಿನಿಯರ್ ಮೇಜು ಗುದ್ದಿದ.

“ಕೋಡ್ ಲೈಬ್ರರಿಯ ಒಂದೊಂದು ಫಂಕ್ಷನ್ನೂ ಇನ್ಮೇಲೆ ಫೈಲ್ ಓದೋಕೆ, ನೆಟ್‌ವರ್ಕ್ ಬಳಸೋಕೆ ಬಾಯಿಬಿಟ್ಟು ಪರ್ಮಿಷನ್ ಕೇಳ್ಬೇಕಾ? ನನ್ನ ಕೋಡನ್ನೇ ಅನುಮಾನ ಪಡ್ತೀಯಾ?”

“ಎಲ್ಲರ ಕೋಡಿಗೂ ಅದೇ ನಿಯಮ ಸರ್,” ಎಂದಳು, ಎಲ್ಲರ ಕೋಡೂ ಸೇರುವ ಆ ಲೈಬ್ರರಿಯನ್ನು ಹೊಸದಾಗಿ ರೂಪಿಸಿದ್ದ ಲವೀನಾ. “ನಿಮ್ಮದಕ್ಕೆ ಏನೇನು ಬೇಕು ಹೇಳಿ, ಕೊಡ್ತೀನಿ.”

“ಏನೂ ಬೇಡ! ಬರೀ ತಾರೀಖು ತೋರ್ಸೋ ಕೋಡದು. ನಿನ್ನ ಪರ್ಮಿಷನ್ ನೀನೇ ಇಟ್ಕೋ.”

“ಸರಿ, ಏನೂ ಕೊಡಲ್ಲ.”

ಅವಳು ಎಲ್ಲರೆದುರೇ ಅವನ ಕೋಡನ್ನು ರನ್ ಮಾಡಿದಳು. ಗೋಡೆಯ ಪರದೆಯ ಮೇಲೆ ತಾರೀಖು ಸರಿಯಾಗಿಯೇ ಬಂತು.

“ನೋಡಿದ್ಯಾ?” ಎಂದು ಅವನು ಗೆದ್ದವನಂತೆ ಕುರ್ಚಿಗೊರಗಿದ.

ತಾರೀಖಿನ ಕೆಳಗೆ ಕೆಂಪಕ್ಷರಗಳು ಮೂಡಿದವು: “ನೆಟ್‌ವರ್ಕ್ ಪರ್ಮಿಷನ್ ಇಲ್ಲ. ರೋಗಿಗಳ ಫೋನ್ ನಂಬರುಗಳನ್ನು ಹೊರಗೆ ಕಳಿಸಲಾಗಲಿಲ್ಲ.”