ಸರೋವರದ ದಾರಿ

ಕೆಲ್ಸಂಗ್ ಭಾರತದ ಪಾಸ್‌ಪೋರ್ಟ್ ಪಡೆದ ದಿನದಿಂದ ಅಪ್ಪ ನೋರ್ಬು ಅವಳೊಡನೆ ಮಾತು ಬಿಟ್ಟಿದ್ದ. ಅವನೂ ಹುಟ್ಟಿದ್ದು ಕರ್ನಾಟಕದ ಇದೇ ಟಿಬೆಟನ್ ಕ್ಯಾಂಪಿನಲ್ಲಿ. ಮನಸ್ಸು ಮಾಡಿದ್ದರೆ ಎಂದೋ ಭಾರತೀಯನಾಗಬಹುದಿತ್ತು.

"ಎಲ್ಲರೂ ಇಲ್ಲಿಯವರೇ ಆಗಿಬಿಟ್ಟರೆ ಟಿಬೆಟ್ ನಮ್ಮದು ಅಂತ ಹೇಳೋರು ಯಾರು?" ಎಂದು ಅಂದು ಕೇಳಿದ್ದ.

"ನೀನೇ ನೋಡದ ದೇಶಕ್ಕೋಸ್ಕರ ನಾನೆಷ್ಟು ದಿನ ನಿರಾಶ್ರಿತಳಾಗಿರಲಿ?" ಎಂದಿದ್ದಳು ಮಗಳು.

ಒಂದು ಬೆಳಿಗ್ಗೆ ಪಕ್ಕದ ಹಳ್ಳಿಯ ದ್ಯಾವೇಗೌಡ ಬಂದ. ನೋರ್ಬುವಿನ ಜೊತೆ ವರ್ಷಗಟ್ಟಲೆ ಜೋಳ ಬೆಳೆದವನು.

"ಮುಂದಿನ ತಿಂಗ್ಳು ಮಾನಸ ಸರೋವರಕ್ಕೆ ಹೊಂಟಿವ್ನಿ ಕಣಪ್ಪ. ನಿಮ್ಮ ಟಿಬೆಟ್ ಕಡೆ ಚಳಿ ಹೆಂಗಿರ್ತದೆ?"

ನೋರ್ಬುವಿಗೆ ಅಲ್ಲಿಯ ಚಳಿ ಗೊತ್ತಿರಲಿಲ್ಲ. "ನಮ್ಮಮ್ಮ ಹುಟ್ಟಿದ್ದು ಆ ಸರೋವರದ ದಡದಲ್ಲೇ. ಸಾಯೋ ತನಕ ಅದನ್ನೇ ಹೇಳ್ತಿದ್ಲು," ಎಂದ.

"ಹಂಗಾರೆ ನೀನೂ ಬಾ. ಪಾಸ್‌ಪೋರ್ಟ್ ಇದ್ರೆ ಕರ್ಕೊಂಡೋಯ್ತಾರೆ."

"ಯಾವ ಪಾಸ್‌ಪೋರ್ಟ್?"

"ನಮ್ದೇ. ಇಂಡಿಯಾದ್ದು."

ಗೌಡ ಹೋದ ಮೇಲೆ ನೋರ್ಬುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಕ್ಕೆಂದು ಹೊರಟು ಅರ್ಧ ದಾರಿಯಿಂದ ಮರಳಿದ. ತಾಯಿಯ ಪಟದ ಮುಂದೆ ದೀಪ ಹಚ್ಚಿದ, ಮತ್ತೆ ಅಂಗಳಕ್ಕಿಳಿದು ಸುತ್ತತೊಡಗಿದ. ಸಂಜೆ ಕೆಲ್ಸಂಗ್ ಎಂದಿನಂತೆ ಮಾತಿಲ್ಲದೆ ಚಹಾ ತಂದಿಟ್ಟು ಒಳಗೆ ಹೊರಟಳು. ಅವನು ಅವಳ ಹೆಸರು ಹಿಡಿದು ಕರೆದ. ಅವಳು ಬಾಗಿಲಲ್ಲೇ ನಿಂತಳು. ಅಪ್ಪ ಅವಳ ಮುಖ ನೋಡಲಿಲ್ಲ.

"ನೀನು ಪಾಸ್‌ಪೋರ್ಟಿಗೆ ಎಲ್ಲಿಗೆ ಹೋಗಿದ್ದೆ, ಮೈಸೂರಿಗಾ, ಬೆಂಗಳೂರಿಗಾ?"