ಮರದ ಗುಂಡು

ಹದಿನೆಂಟು ವರ್ಷ ಯುದ್ಧವೇ ಇರಲಿಲ್ಲ. ಮೀಸಲು ಫಿರಂಗಿ ಪಡೆಯ ಪಾಲಿಗೆ ಬಂದಿದ್ದು ಒಂದು ಮರದ ಗುಂಡು. ಅದನ್ನೇ ತುಂಬಿ, "ಫೈರ್" ಎಂದಾಗ ಫಿರಂಗಿ ಹಾರಿಸುವ ಹಗ್ಗ ಎಳೆಯುವ ಬದಲು "ಢಂ!" ಎಂದು ಕೂಗುವುದೇ ದಿನದ ಕವಾಯತು. ದನಿ ಸಣ್ಣಗಾದರೆ ಹವಾಲ್ದಾರ ಬೋಪಯ್ಯ ಚರ್ಮ ಸುಲಿಯುತ್ತಿದ್ದ.

ಇಂದು ಒಳಗಿದ್ದುದು ನಿಜವಾದ ಗುಂಡು. ಎದುರಿನ ಸೇತುವೆ ಹತ್ತುತ್ತಿದ್ದುದು ಶತ್ರುವಿನ ಟ್ಯಾಂಕು.

"ಇವತ್ತು ಯಾವನಾದ್ರೂ ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ!" ಬೋಪಯ್ಯ ಗದರಿದ. "ಹಗ್ಗ ಎಳೀಬೇಕು, ತಿಳೀತಾ?"

"ತಿಳೀತು ಸಾರ್," ಎಂದ ಹಗ್ಗ ಹಿಡಿದಿದ್ದ ಸಿಪಾಯಿ ಮಾದಪ್ಪ, ಅದನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ.

"ನಿನ್ನ ನಂಬೋಕಾಗಲ್ಲ, ಇಲ್ಲಿ ಕೊಡೋ." ಬೋಪಯ್ಯ ಹಗ್ಗ ಕಿತ್ತುಕೊಂಡ.

"ಇನ್ನೂ ಹತ್ತಿರ ಬರ್ಲಿ," ಕ್ಯಾಪ್ಟನ್ ಪಿಸುಗುಟ್ಟಿದರು. ಟ್ಯಾಂಕು ಸೇತುವೆಯ ನಡುವಿಗೆ ಬಂತು. "ಫೈರ್!"

ಬೋಪಯ್ಯ ಎದೆಯುಬ್ಬಿಸಿ, ಗಂಟಲು ಹರಿಯುವಂತೆ ಕೂಗಿದ: "ಢಂ!"